‘ಎಲ್ಲರ’ ಬಾಯಿ ಯಾವುದು? ಮಹಾಪ್ರಾಣದ ಚರ್ಚೆ ಮತ್ತು ಉಮರ್ಗಾ–ನಿಲಂಗಾ–ಉದಗೀರದ ಕನ್ನಡ

ಕನ್ನಡ ಲಿಪಿಯಲ್ಲಿ ಮಹಾಪ್ರಾಣಗಳು ಇರಬೇಕೆ ಎಂಬ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಗಟ್ಟಿಯಾಗಿ ಎತ್ತಿದವರು ಡಿ. ಎನ್. ಶಂಕರ ಬಟ್. ಹೆಸರಿನ ಭಕಾರವನ್ನೇ ಕೈಬಿಟ್ಟು ತಮ್ಮ ಸಿದ್ಧಾಂತಕ್ಕೆ ತಾವೇ ಮೊದಲ ಉದಾಹರಣೆಯಾದರು. ಸಾಮಾನ್ಯ ಕನ್ನಡಿಗರು ಮಾತಿನಲ್ಲಿ ಕ–ಖ, ಬ–ಭಗಳನ್ನು ಬೇರ್ಪಡಿಸುವುದಿಲ್ಲ, ಬಾಯಿ ಬೇರ್ಪಡಿಸದುದನ್ನು ಬರಹ ಬೇರ್ಪಡಿಸಿದರೆ ಓದು ಕಲಿಯುವ ಮಗುವಿಗೆ ಅದು ಹೊರೆ ಎಂಬುದು ಅವರ ವಾದದ ತಿರುಳು. ವಿರೋಧಿಸಿದ ಅನೇಕರು ಮುಂದಿಟ್ಟದ್ದು ಪರಂಪರೆಯನ್ನು. ಉಚ್ಚಾರಣೆಯ ಪ್ರಶ್ನೆಗೆ ಉಚ್ಚಾರಣೆಯ ನೆಲೆಯಿಂದ ಉತ್ತರ ಬಂದದ್ದು ಕಡಿಮೆ. ಆ ನೆಲೆಯಿಂದಲೇ ವಾದವನ್ನು ಪರೀಕ್ಷಿಸಲು ಗಡಿಗಿಂತ ತಕ್ಕ ಜಾಗವಿಲ್ಲ.

ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯವು. ಇಂದು 1982ರಲ್ಲಿ ರಚನೆಯಾದ ಲಾತೂರ ಜಿಲ್ಲೆಯಲ್ಲಿವೆ. ಉಮರ್ಗಾ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಗೆ ಸೇರಿದೆ. ಇಲ್ಲಿನ ಕನ್ನಡದ ಮನೆಗಳ ಮಗು ಕನ್ನಡದೊಡನೆ ಮರಾಠಿಯನ್ನೂ, ಎಷ್ಟೋ ಕಡೆ ದಖ್ಖನಿಯನ್ನೂ ಕೇಳಿಯೇ ಬೆಳೆಯುತ್ತದೆ. ಮರಾಠಿಯಲ್ಲಿ ‘ಬಾಜೀ’ ಎಂದರೆ ಆಟ, ಪಂದ್ಯ. ‘ಭಾಜೀ’ ಎಂದರೆ ಪಲ್ಯ. ‘ಗೋಡಾ’ ಒಂದು ಬಗೆಯ ಮಸಾಲೆ, ‘ಘೋಡಾ’ ಕುದುರೆ. ಈ ಭೇದ ತಿಳಿಯದ ಮಗು ಸಂತೆಯಲ್ಲಿ ನಗೆಪಾಟಲಾಗುತ್ತದೆ. ಅದಕ್ಕೆ ಮಹಾಪ್ರಾಣ ಸಿಕ್ಕಿದ್ದು ಸಂಸ್ಕೃತದ ಪಾಠದಿಂದಲ್ಲ, ಕಾಯಿಪಲ್ಲೆಯವಳ ಬುಟ್ಟಿಯಿಂದ. ‘ಎಲ್ಲರ ಕನ್ನಡ’ದ ಎಣಿಕೆಯಲ್ಲಿ ಈ ಮಗುವಿನ ಬಾಯಿಯನ್ನು ಯಾರೂ ಹಿಡಿದಿಲ್ಲ. ಮಹಾಪ್ರಾಣವನ್ನು ಸಂಸ್ಕಾರದ ಗುರುತೆಂದು ಕಾಯುವ ಪಂಡಿತರಿಗೂ ಈ ಮಗು ಅಷ್ಟೇ ಅನನುಕೂಲ.

ಮಹಾಪ್ರಾಣವೆಂದರೆ ಏನೆಂಬುದನ್ನು ಇಲ್ಲಿ ತುಸು ನಿಂತು ನೋಡಬೇಕು. ‘ಖ’ ನುಡಿಯುವಾಗ ನಾಲಿಗೆಯ ತಡೆ ಬಿಟ್ಟ ಮೇಲೂ ನಾದತಂತುಗಳು ಕ್ಷಣಕಾಲ ತೆರೆದಿರುತ್ತವೆ. ಮುಂದಿನ ಸ್ವರ ತಡವಾಗಿ ಹುಟ್ಟುತ್ತದೆ. ‘ಭ’ದಲ್ಲಿ ತಂತುಗಳು ಸಡಿಲವಾಗಿ ಕಂಪಿಸುತ್ತವೆ, ನಡುವೆ ನುಸುಳಿದ ಉಸಿರು ಮುಂದಿನ ಸ್ವರದ ಆರಂಭವನ್ನೂ ಆವರಿಸುತ್ತದೆ. ಹೀಗಾಗಿ ಮಹಾಪ್ರಾಣದ ಗುರುತು ವ್ಯಂಜನದಲ್ಲಿ ಎಷ್ಟಿದೆಯೋ ನೆರೆಯ ಸ್ವರದಲ್ಲೂ ಅಷ್ಟಿದೆ. ಪದಾಂತ್ಯದಲ್ಲಿ ಆ ಸ್ವರವಿಲ್ಲದಿರುವಾಗ ಉಸಿರು ಸೋರಿಹೋಗುವುದು ಸಹಜ. ಹಿಂದಿಯವರ ‘ಹಾಥ್’, ‘ಭೂಖ್’ ಮರಾಠಿಯಲ್ಲಿ ‘ಹಾತ್’, ‘ಭೂಕ್’. ದಖ್ಖನಿಯ ನಡೆಯೂ ಬಹುಮಟ್ಟಿಗೆ ಇದೇ. ‘ಭೂಕ್’ ಎಂಬ ಒಂದೇ ಪದದಲ್ಲಿ ಮೊದಲ ಮಹಾಪ್ರಾಣ ಉಳಿದು ಕೊನೆಯದು ಅಳಿದಿದೆ. ಮಹಾಪ್ರಾಣ ಒಂದು ಭಾಷೆಯಲ್ಲಿ ‘ಇದೆ’ ಅಥವಾ ‘ಇಲ್ಲ’ ಎಂದು ತೀರ್ಪು ಕೊಡುವವರು, ಬಟ್ಟರಾಗಲಿ ಅವರ ಎದುರಾಳಿಗಳಾಗಲಿ, ಪದದೊಳಗಣ ಸ್ಥಾನವನ್ನು ಸಾಕಷ್ಟು ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದು ನನ್ನ ಮುಖ್ಯ ತಕರಾರು.

ಇನ್ನೊಂದು ಸಂಗತಿ. ಮಹಾಪ್ರಾಣ–ಅಲ್ಪಪ್ರಾಣ ಜೋಡಿಗಳನ್ನು ಘೋಷ–ಅಘೋಷ ಜೋಡಿಗಳೊಡನೆ ಇಟ್ಟುಕೊಂಡ ಭಾಷೆಗಳಲ್ಲಿ ಹಕಾರವೂ ಇರುತ್ತದೆಂದು ರೋಮನ್ ಯಾಕೊಬ್ಸನ್ 1950ರ ದಶಕದಲ್ಲಿ ಹೇಳಿದ್ದರು. ಹಕಾರವಿದ್ದಲ್ಲೆಲ್ಲ ಮಹಾಪ್ರಾಣವಿರಬೇಕೆಂದೇನೂ ಇಲ್ಲ. ಹಕಾರವೇ ಹೋದಲ್ಲಿ ಅದು ನಿಲ್ಲುವುದು ಕಷ್ಟ. ಹಳೆಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ. ಉತ್ತರದಲ್ಲಿ ಹಕಾರ ಬಹುಮಟ್ಟಿಗೆ ಗಟ್ಟಿಯಾಗಿ ನಿಂತಿದೆ. ಈ ಎರಡು ಬಾಯಿಗಳಿಗೆ ಒಂದೇ ಧ್ವನಿವ್ಯವಸ್ಥೆಯನ್ನು ಆರೋಪಿಸಿ ಲಿಪಿ ತಿದ್ದಲು ಹೊರಡುವುದು ಅವಸರದ ಕೆಲಸ. ಕೇಶಿರಾಜನು ಋಕಾರ, ಶ, ಷ, ವಿಸರ್ಗ ಮೊದಲಾದ ಹತ್ತನ್ನು ಕಳೆದು ಕನ್ನಡಕ್ಕೆ 47 ಅಕ್ಷರಗಳನ್ನು ಎಣಿಸಿದ. ಮಹಾಪ್ರಾಣಗಳನ್ನು ಮಾತ್ರ ಕಳೆಯಲಿಲ್ಲ. ಅದು ಬರಿಯ ಸಂಸ್ಕೃತ ಮೋಹವಾಗಿದ್ದರೆ ಶ, ಷಗಳೂ ಉಳಿಯುತ್ತಿದ್ದವು.

ಮಹಾಪ್ರಾಣಕ್ಕಾದರೂ ಅಕ್ಷರವಿದೆ, ಅಕ್ಷರವೇ ಇಲ್ಲದ ಧ್ವನಿಯದು ಬೇರೆ ಕಥೆ. ಮರಾಠಿಯ ಚಕಾರಕ್ಕೆ ಎರಡು ಉಚ್ಚಾರಗಳು: ನಾಲಿಗೆ ತಾಲುವಿಗೆ ತಾಗುವುದು ಒಂದು, ಹಲ್ಲಿನ ಬುಡಕ್ಕೆ ತಾಗುವುದು ಇನ್ನೊಂದು. ಹುಣಸೆಗೆ ಅವರು ಹೇಳುವ ‘ಚಿಂಚ್’ನಲ್ಲಿ ಎರಡೂ ಇವೆ; ಇಕಾರದ ಮುಂದಿನದು ತಾಲವ್ಯ, ಕೊನೆಯದು ದಂತ್ಯ. ‘ಮಾಝಾ’ದ ದಂತ್ಯ ಝಕಾರ ‘ಮಾಝೀ’ಯಲ್ಲಿ ತಾಲವ್ಯವಾಗುತ್ತದೆ: ಮುಂದೆ ಬರಲಿರುವ ಈಕಾರಕ್ಕೆ ನಾಲಿಗೆ ಮೊದಲೇ ಅಣಿಯಾಗುತ್ತದೆ. ತಾಲವ್ಯೀಕರಣವನ್ನು ಕುರಿತು 1978ರಲ್ಲಿ ಪ್ರಕಟವಾದ ಬಟ್ಟರ ದೀರ್ಘ ಅಧ್ಯಯನ ಇಂಥ ಪ್ರಕ್ರಿಯೆಗಳನ್ನೇ ಬಿಡಿಸಿ ತೋರಿಸಿದೆ. ಅದು ಅವರ ಲಿಪಿಚರ್ಚೆಗಿಂತ ಬಹುಕಾಲ ಬಾಳುವ ಬರಹವೆಂದು ನಾನು ಭಾವಿಸುತ್ತೇನೆ. ‘ಚೋರ’ ಎಂಬ ಪದ ಎರಡೂ ಭಾಷೆಗಳಲ್ಲಿದೆ. ಕನ್ನಡದಲ್ಲಿ ತಾಲವ್ಯ, ಮರಾಠಿಯಲ್ಲಿ ದಂತ್ಯ. ಗಡಿಯ ಮಗು ಕನ್ನಡ ಓದುವಾಗ ದಂತ್ಯ ಚಕಾರವನ್ನು ನುಡಿದರೆ ಅದನ್ನು ದೋಷವೆಂದು ತಿದ್ದಲು ಎಷ್ಟೋ ಕೈಗಳು ಏಳುತ್ತವೆ. ಬಾಯಿ ಬೇರ್ಪಡಿಸುವ ಈ ಎರಡನ್ನು ದೇವನಾಗರಿಯ ಮರಾಠಿ ಬರಹವೂ ಬೇರ್ಪಡಿಸುವುದಿಲ್ಲ. ಮರಾಠಿ ಮಕ್ಕಳು ಓದು ಕಲಿಯುವುದು ಅದರಿಂದ ನಿಂತಿಲ್ಲ. ಬಾಯಿಗೂ ಬರಹಕ್ಕೂ ಒಂದಕ್ಕೊಂದು ತಾಳೆಯಾಗಲೇಬೇಕೆಂಬ ಬಟ್ಟರ ಗ್ರಹಿಕೆ ಸಡಿಲವಾಗುವುದು ಇಲ್ಲಿಯೇ.

ಮಗುವಿನ ತೊದಲನ್ನೂ ಪ್ರದೇಶದ ಉಚ್ಚಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇದಕ್ಕಿಂತ ದೊಡ್ಡ ಅಪಾಯ. ಯಾಕೊಬ್ಸನ್ 1941ರ ಗ್ರಂಥದಲ್ಲಿ ಮಕ್ಕಳು ಧ್ವನಿಗಳನ್ನು ಗಳಿಸುವ ಕ್ರಮವನ್ನು ಹೇಳಿದರು: ತುಟಿಯ ಧ್ವನಿಗಳು ಮೊದಲು, ಕಂಠದವು ಆಮೇಲೆ. ಆ ಕ್ರಮ ಅವರು ಭಾವಿಸಿದಷ್ಟು ಕಟ್ಟುನಿಟ್ಟಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿವೆ. ಆದರೂ ‘ಕಾಕಾ’ನನ್ನು ‘ತಾತಾ’ ಎನ್ನುವ, ‘ರೊಟ್ಟಿ’ಯನ್ನು ‘ಲೊಟ್ಟಿ’ ಎನ್ನುವ ಎರಡು ವರ್ಷದ ಕೂಸು ಬೆಳೆದಂತೆ ಅದನ್ನು ತಾನೇ ದಾಟುತ್ತದೆ. ಹತ್ತು ವರ್ಷದ ಹುಡುಗಿಯ ದಂತ್ಯ ಚಕಾರ ದಾಟಬೇಕಾದ ಹಂತವಲ್ಲ. ಅವಳು ಪೂರ್ತಿಯಾಗಿ ಕಲಿತ ಎರಡನೆಯ ನಿಯಮ. ಕನ್ನಡಗಳ ದೇಸಿ ಬೇರೆ ಬೇರೆಯಾದ್ದರಿಂದ ಅವುಗಳ ದೋಷ ಎಣಿಸಹೊರಟರೆ ವಾಸುಕಿಯೂ ಬೇಸರಗೊಳ್ಳುವನೆಂದ ಕವಿರಾಜಮಾರ್ಗಕಾರನು ಗೋದಾವರಿಯವರೆಗಿನ ನಾಡನ್ನು ಕಣ್ಣಮುಂದಿಟ್ಟುಕೊಂಡೇ ಆ ಮಾತು ಹೇಳಿದ್ದ. ಉದಗೀರ ಆ ನಾಡಿನ ಒಳಗಿತ್ತು.

ಅಶೋಕ ಕೇಳಕರರು 1964ರಷ್ಟು ಹಿಂದೆಯೇ ಮರಾಠಿಯ ಮಕ್ಕಳ ಮಾತಿನ ಬಗ್ಗೆ ಬರೆದರು. ಮರಾಠವಾಡದ ಕನ್ನಡ ಮಕ್ಕಳಿಗೆ ಬೇಕಾದುದು ಅಂಥ ದಾಖಲೆ: ಯಾವ ವಯಸ್ಸಿನಲ್ಲಿ, ಪದದ ಯಾವ ಸ್ಥಾನದಲ್ಲಿ, ಯಾರೊಡನೆ ಮಾತಾಡುವಾಗ ಉಸಿರು ಉಳಿಯುತ್ತದೆ, ಯಾವ ಸ್ವರದ ಮುಂದೆ ಚಕಾರ ಹಲ್ಲಿನತ್ತ ಸರಿಯುತ್ತದೆ ಎಂಬುದನ್ನು ಮನೆಯ ಕನ್ನಡ ಮತ್ತು ಶಾಲೆಯ ಮರಾಠಿ ಎರಡರಲ್ಲೂ ಧ್ವನಿಮುದ್ರಿಸಿ, ಮಗು ಬೆಳೆದಂತೆ ಮತ್ತೆ ಮತ್ತೆ ಗುರುತಿಸುತ್ತ ಹೋಗುವ ದಾಖಲೆ.