ಜುಟ್ಟಿನ ಮಲ್ಲಿಗೆ ಯಾರಪ್ಪನ ಸ್ವತ್ತು?

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆ ಹೊಟ್ಟೆ ತುಂಬಿದವರ ಬಾಯಲ್ಲೇ ಹೆಚ್ಚು ಓಡಾಡುತ್ತದೆ. ಹಸಿದವನ ಹಿಟ್ಟಿನ ಚಿಂತೆ ಅವರಿಗಿದೆ ಅಂತಲ್ಲ. ಹಸಿದವನ ಜುಟ್ಟಿನಲ್ಲಿ ಹೂವು ಕಂಡರೆ ಅವರ ಕಣ್ಣು ಉರಿಯುತ್ತದೆ, ಅಷ್ಟೆ.

ಉಡುಗೆ ತೊಡುಗೆ ಒಂದು ಕಲೆ, ಅದು ವ್ಯಕ್ತಿತ್ವದ ಅಭಿವ್ಯಕ್ತಿ, ಅದಕ್ಕೆ ವಯಸ್ಸಿನ ಹಂಗಿಲ್ಲ ಎಂದು ಪೇಟೆ ಪತ್ರಿಕೆಗಳ ಬಣ್ಣದ ಪುಟಗಳು ಈಗ ಉಪದೇಶ ಮಾಡುತ್ತಿವೆ. ಅರವತ್ತು ದಾಟಿದರೇನು, ಮನಸ್ಸಿಗೆ ಬಂದದ್ದನ್ನು ಉಟ್ಟುಕೊಳ್ಳಿ ಎನ್ನುತ್ತವೆ. ನಮ್ಮ ಕೆಲವು ಗೆಳೆಯರು ಇದನ್ನು ಓದಿ, ‘ಥೂ, ಉಳ್ಳವರ ಹುಚ್ಚಾಟ’ ಎಂದು ಪುಟ ಮಗುಚುತ್ತಾರೆ. ನಾವು ಹಾಗೆ ಮಗುಚಲು ತಯಾರಿಲ್ಲ. ಆ ಮಾತು ಸುಳ್ಳಲ್ಲ, ಅರ್ಧ ಮಾತು. ಉಳಿದರ್ಧವನ್ನು ಹೇಳಬೇಕಾದವರು ನಾವು.

ಈ ದೇಶದಲ್ಲಿ ಬಟ್ಟೆ ಎಂಬುದು ನಮ್ಮ ಪಾಲಿಗೆ ಇಷ್ಟಾನಿಷ್ಟದ ಮಾತಾಗಿರಲಿಲ್ಲ, ಕಾನೂನಾಗಿತ್ತು. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರಿಗೆ ಹೆಣದ ಮೇಲಿನ ಬಟ್ಟೆಯನ್ನೂ ಕಬ್ಬಿಣದ ಒಡವೆಯನ್ನೂ ಗೊತ್ತು ಮಾಡಿತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ಹತ್ತಾರು ವರ್ಷ ಹೊಡೆತ ತಿಂದರು. ಕೊನೆಗೆ 1859ರಲ್ಲಿ ರಾಜಾಜ್ಞೆ ಹೊರಟಿತು. ಏನಂತ? ಎದೆ ಮುಚ್ಚಿಕೊಳ್ಳಿ, ಆದರೆ ಮೇಲ್ಜಾತಿ ಹೆಂಗಸರು ಹೊದೆಯುವ ರೀತಿಯಲ್ಲಿ ಬೇಡ ಅಂತ! ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬಟ್ಟೆ ಕೊಟ್ಟರು, ಉಡುವ ಶೈಲಿ ಕೊಡಲಿಲ್ಲ. ಅಧಿಕಾರ ಅಡಗಿರುವುದು ಶೈಲಿಯಲ್ಲೇ ಎಂಬ ಸತ್ಯ ಆ ಅರಮನೆಗೆ ಚೆನ್ನಾಗಿ ಗೊತ್ತಿತ್ತು.

ಅದು ಬಾಬಾಸಾಹೇಬರಿಗೂ ಗೊತ್ತಿತ್ತು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಅದೇ ಸಮ್ಮೇಳನಕ್ಕೆ ಬಂದಿದ್ದ ನಮ್ಮ ಹೆಂಗಸರೊಂದಿಗೆ ಅವರು ಬೇರೆಯಾಗಿ ಮಾತಾಡಿದ್ದು ಸೀರೆಯ ಬಗ್ಗೆ. ನೀವು ಸೀರೆ ಉಡುವ ರೀತಿ, ಕೊರಳ ತುಂಬ ಸರ, ಮೊಣಕೈ ತನಕ ಬೆಳ್ಳಿ ತವರದ ಬಳೆ — ಇವೇ ನಿಮ್ಮ ಅಸ್ಪೃಶ್ಯತೆಯ ಗುರುತು, ಅವನ್ನು ಬಿಡಿ ಎಂದರು. ಇವತ್ತಿನ ಜಾನಪದ ಪಂಡಿತರಿಗೆ ಇದು ಕಸಿವಿಸಿ ಉಂಟುಮಾಡಬಹುದು. ‘ಅಯ್ಯೋ, ಎಂಥಾ ಚೆಂದದ ದೇಸಿ ಕಲೆ ಹಾಳಾಯ್ತಲ್ಲಾ’ ಅನ್ನಬಹುದು. ಅಂಥವರಿಗೆ ನಮ್ಮದೊಂದೇ ಪ್ರಶ್ನೆ: ಬಿಚ್ಚಿಡಲು ಬಾರದ ಒಡವೆ ಒಡವೆಯೋ, ಬೇಡಿಯೋ? ಅದೇ ಬಳೆಯನ್ನು ಪೇಟೆಯ ಹುಡುಗಿ ಅಂಗಡಿಯಲ್ಲಿ ಆರಿಸಿ ತೊಟ್ಟರೆ ಅಲಂಕಾರ; ಹುಟ್ಟಿದ ಕೇರಿಗಾಗಿ ತೊಡಲೇಬೇಕಾದವಳಿಗೆ ಹಣೆಪಟ್ಟಿ. ಕಲೆ ಇರುವುದು ಆರಿಸಿಕೊಳ್ಳುವ ಕೈಯಲ್ಲಿ.

ಇನ್ನೊಂದು ಉದಾಹರಣೆ ನೋಡಿ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಗಾಂಧೀಜಿ ಅಂಗಿ ಬಿಟ್ಟು ತುಂಡು ಪಂಚೆಗೆ ಇಳಿದರು. ದೇಶ ಕೈಮುಗಿಯಿತು. ಅಂಬೇಡ್ಕರರು ಕೋಟು ಟೈ ಹಾಕಿದರು. ದೇಶ ‘ಸಾಹೇಬ’ ಎಂದು ಮೂಗು ಮುರಿಯಿತು. ಗಾಂಧೀಜಿಯ ಪ್ರಾಮಾಣಿಕತೆಯನ್ನು ನಾವು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಬಿಡುವುದಕ್ಕೆ ಮೊದಲು ಇರಬೇಕಲ್ಲ! ತುಂಡು ಬಟ್ಟೆಯನ್ನೇ ವಿಧಿಯಾಗಿ ಉಟ್ಟವರ ಮಗ ಇನ್ನೂ ತುಂಡು ಮಾಡಿ ಏನನ್ನು ಹೇಳಬೇಕಿತ್ತು? ಆ ಕೋಟು ಇಂಗ್ಲಿಷರ ಅನುಕರಣೆಯಲ್ಲ, ಮನುವಿಗೆ ಕೊಟ್ಟ ಉತ್ತರ. ನಮ್ಮೂರುಗಳ ಪ್ರತಿಮೆಗಳಲ್ಲಿ ಆ ನೀಲಿ ಕೋಟನ್ನು ವರ್ಷವರ್ಷವೂ ಬಣ್ಣ ಬಳಿದು ಹೊಸದು ಮಾಡುವ ನಮ್ಮ ಜನಕ್ಕೆ ಇದನ್ನು ಯಾವ ವಿಮರ್ಶಕನೂ ಹೇಳಿಕೊಡಬೇಕಾಗಿಲ್ಲ.

ವಯಸ್ಸಿನ ಮಾತಿಗೆ ಬರೋಣ. ವಯಸ್ಸಿನ ಹಂಗಿಲ್ಲ ಎನ್ನುತ್ತಾರೆ. ಜಾತಿಗೂ ವಯಸ್ಸಿನ ಹಂಗಿಲ್ಲ, ಸ್ವಾಮಿ. 2018ರ ಜೂನಿನಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯಲ್ಲಿ 13 ವರ್ಷದ ದಲಿತ ಹುಡುಗನನ್ನು ಮೋಜಡಿ ಮೆಟ್ಟಿದ್ದಕ್ಕೆ ಹೊಡೆದರು. ಹದಿಮೂರಕ್ಕೇ ಅವನಿಗೆ ‘ಅಭಿವ್ಯಕ್ತಿ’ಯ ಬೆಲೆ ಏನೆಂದು ತಿಳಿಯಿತು. ಇತ್ತ ಮೇಲ್ಜಾತಿಯ ಮನೆಗಳು ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿ, ಒಂದೇ ಬಣ್ಣದ ಸೀರೆ ಸುತ್ತಿ ಮೂಲೆಗೆ ಕೂರಿಸಿದ ಕಾಲದಲ್ಲೇ ನಮ್ಮ ಕೇರಿಗಳಲ್ಲಿ ಅಂಥವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಬಾಳಿಗೆ ಕೂಡಿಸುತ್ತಿದ್ದರು. ಆ ಮದುವೆಯ ಹೆಸರೇ ‘ಉಡಿಕೆ’. ಉಡಿಕೆಯಾದವಳಿಗೆ ಮೊದಲ ಮದುವೆಯ ಮಾನ ಪೂರಾ ಸಿಗಲಿಲ್ಲ, ಅದೂ ನಿಜ. ಆದರೂ ಒಂದು ಸೀರೆ ಎಂದರೆ ಒಂದು ಬದುಕು ಎಂದು ಓದುಬರಹ ಇಲ್ಲದ ನಮ್ಮ ಅಜ್ಜಿಯಂದಿರು ತಿಳಿದಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ, 65ರ ವಯಸ್ಸಿನಲ್ಲಿ, ಆ ಕೋಟಿನ ಮನುಷ್ಯ ಬಿಳಿ ಬಟ್ಟೆಯುಟ್ಟು ಬೌದ್ಧನಾಗಿ ನಿಂತ. ಮುಪ್ಪಿನಲ್ಲಿ ಉಡುಪು ಬದಲಿಸುವುದು ಎಂದರೆ ಏನೆಂದು ಬಣ್ಣದ ಪುಟದವರು ಅಲ್ಲಿಂದ ಕಲಿಯಲಿ.

ಇದು ಉಡುವವರ ಮಾತಾಯಿತು. ಮಾಡುವವರು? 2025ರ ಜೂನಿನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿ ತನ್ನ ಪ್ರದರ್ಶನದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿ ಮೆರೆಸಿತು. ಎಲ್ಲಿಯದೆಂದು ಬಾಯಿಬಿಡಲಿಲ್ಲ; ಗಲಾಟೆ ಎದ್ದ ಮೇಲೆ ಭಾರತದ ಕೈಕಸುಬಿನಿಂದ ಬಂದದ್ದೆಂದು ಒಪ್ಪಿತು. ಈ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದ್ದು. ಅಥಣಿ, ನಿಪ್ಪಾಣಿ ಕಡೆಯ ಸಮಗಾರರ ಮನೆಗಳಲ್ಲಿ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲನ್ನು ಗಂಡಸರು ಕತ್ತರಿಸುತ್ತಾರೆ, ಹೆಂಗಸರು ಜಡೆಯಂತೆ ಹೆಣೆಯುತ್ತಾರೆ. ಮೊಳೆ ಇಲ್ಲ, ತೊಗಲಿನ ಎಳೆಯಲ್ಲೇ ಹೊಲಿಗೆ. ಅದೇ ವರ್ಷ ಡಿಸೆಂಬರಿನಲ್ಲಿ ಲಿಡ್‌ಕಾಮ್, ಲಿಡ್‌ಕರ್ ನಿಗಮಗಳೊಡನೆ ಒಪ್ಪಂದವಾಯಿತು: 2,000 ಜೊತೆ, ಜೊತೆಗೆ ಸುಮಾರು 800 ಯೂರೋ. ಒಳ್ಳೇದೇ. ಆದರೆ ಎಂಟು ನೂರರಲ್ಲಿ ಹೆಣೆದವಳ ಕೈಗೆ ಎಷ್ಟು ಎಂದು ಕೇಳುವುದೂ ಕಲಾವಿಮರ್ಶೆಯೇ. ಈ ಕೆರ ಹೊಲಿದವನೇ ಗೌಡರ ಬೀದಿಯಲ್ಲಿ ಕೆರ ಕೈಲಿ ಹಿಡಿದು ಬರಿಗಾಲಲ್ಲಿ ನಡೆದ ನಾಡು ಇದು.

ನಮ್ಮ ಸಾಹಿತ್ಯವೂ ಕಡಿಮೆಯೇನಲ್ಲ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಎಷ್ಟು ಸಲ ಹೇಳಿಲ್ಲ! ಹೇಳಿದವರೆಲ್ಲ ತ್ಯಾಗ ಕಂಡರು, ಕಣ್ಣೀರು ಸುರಿಸಿದರು. ಆ ಕೈಗಳ ಕಸುಬನ್ನು, ಅಳತೆಯನ್ನು, ಹೊಲಿಗೆಯ ಚೆಲುವನ್ನು ಕಂಡವರೆಷ್ಟು? ಬ್ರಾಹ್ಮಣ ವೀಣೆ ನುಡಿಸಿದರೆ ಕಲೆ, ಸಮಗಾರ ಉಳಿ ಹಿಡಿದರೆ ಭಕ್ತಿ ಅಥವಾ ಕೂಲಿ — ಈ ಲೆಕ್ಕ ಇನ್ನು ನಡೆಯಕೂಡದು.

ಆದ್ದರಿಂದ ಗೆಳೆಯರೇ, ಹಾಸ್ಟೆಲಿನ ಹುಡುಗ ಇಸ್ತ್ರಿ ಅಂಗಿ ತೊಟ್ಟು ಬಂದಾಗ ‘ಏನೋ ಹೀರೋ’ ಎಂದು ಅಣಕಿಸುವ ಮೇಷ್ಟ್ರುಗಳ ಸಾಲಿನಲ್ಲಿ ನಾವು ನಿಲ್ಲಬಾರದು. ಕೂಲಿ ಮುಗಿಸಿ ಬಂದು ಸಂತೆಯಲ್ಲಿ ಹಸಿರು ಬಳೆ ಇಡಿಸಿಕೊಳ್ಳುವ ಅಜ್ಜಿಗೆ ‘ಈ ವಯಸ್ಸಲ್ಲಿ ಯಾಕಜ್ಜಿ’ ಎನ್ನಬಾರದು. ಹಿಟ್ಟು ಮೊದಲು, ಹೂವು ಆಮೇಲೆ ಎಂಬ ಸರದಿಯನ್ನು ಉಳ್ಳವರು ತಮಗೆಂದೂ ಹಾಕಿಕೊಳ್ಳಲಿಲ್ಲ. ನಾವೂ ಎರಡನ್ನೂ ಒಟ್ಟಿಗೇ ಕೇಳೋಣ. ಶಾಲೆಯಲ್ಲಿ ಆ ಗಾದೆ ಪಾಠಕ್ಕೆ ಬಂದ ದಿನ, ಅದು ಯಾರು ಯಾರಿಗೆ ಹೇಳುವ ಮಾತು ಎಂದು ಮಕ್ಕಳನ್ನೇ ಕೇಳಿ ನೋಡಿ.