ಬಾವಿಯಿಂದ ಎದ್ದ ಕಬ್ಬಿಣ

ಮುತ್ತತ್ತಿಯಲ್ಲಿ ನಮ್ಮ ಕಾಲು ನೆನೆಸುವ ಕಾವೇರಿ ಶ್ರೀರಂಗಪಟ್ಟಣದ ಕೋಟೆಯನ್ನು ಬಳಸಿ ಬಂದವಳು. ಟಿಪ್ಪುವಿನ ರಾಕೆಟ್ಟುಗಳ ಕಥೆ ಈ ಸೀಮೆಯವರಿಗೆ ಹೊಸದಲ್ಲ. ಆದರೆ ರಾಕೆಟ್ಟುಗಳು ರಾಶಿಯಾಗಿ ಸಿಕ್ಕಿದ್ದು ದೂರದ ಮಲೆನಾಡಿನಲ್ಲಿ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳುಬಾವಿಯೊಂದರಿಂದ ರಾಜ್ಯ ಪುರಾತತ್ವ ಇಲಾಖೆಯವರು ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಮೇಲೆತ್ತಿದರು.

ನೋಡಲು ಅಡಿಯುದ್ದದ ತುಕ್ಕು ಕೊಳವೆ, ಅಷ್ಟೆ. ಗುಟ್ಟಿರುವುದೇ ಆ ಕಬ್ಬಿಣದಲ್ಲಿ. ಕಾಗದದ ಕೊಳವೆಯಾದರೆ ಮದ್ದಿನ ಒತ್ತಡಕ್ಕೆ ಸೀಳಿಹೋಗುತ್ತದೆ, ಕಬ್ಬಿಣದ್ದು ತಡೆದುಕೊಳ್ಳುತ್ತದೆ. ಹಾಗಾಗಿ ಮದ್ದನ್ನು ಗಿಡಿದು ತುಂಬಬಹುದಿತ್ತು, ರಾಕೆಟ್ಟು ಕಿಲೋಮೀಟರು ದಾಟಿ ಹಾರುತ್ತಿತ್ತು. ಜೊತೆಗೆ ಬಿಗಿದ ಉದ್ದನೆಯ ಬಿದಿರ ಗಳು ಅದರ ದಿಕ್ಕು ಕಾಯುತ್ತಿತ್ತು. ಕುಲುಮೆಯ ಕೈಗಳ ಈ ಲೆಕ್ಕಾಚಾರವನ್ನೇ ಮುಂದೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಬೆಳೆಸಿದ.

ಬಾವಿಯ ರಾಕೆಟ್ಟುಗಳು ಸಿಕ್ಕ ವರ್ಷವೇ ಜರ್ಮನಿಯ ಕಾಲ್ಕ್ರೀಸ್‌ನಲ್ಲಿ ರೋಮನ್ ಸೈನಿಕನೊಬ್ಬನ ಎದೆಕವಚ ಸಿಕ್ಕಿತು. ಅದೂ ಕಬ್ಬಿಣವೇ, ತೊಗಲ ಪಟ್ಟಿಗಳಿಂದ ಜೋಡಿಸಿದ ತಗಡುಗಳು. ಮಣ್ಣಿನ ಹೆಂಟೆ ಸಮೇತ ಎತ್ತಿ, ಸ್ಕ್ಯಾನ್ ಮಾಡಿ, ಆಮೇಲೆ ಬಿಡಿಸಿದರು. ಲೋಕವೆಲ್ಲ ಬೆರಗಾಯಿತು, ಸರಿಯೇ. ನನಗೆ ಮಾತ್ರ ನಗರದ ಬಾವಿಯೇ ಹೆಚ್ಚು. ಶಿವಮೊಗ್ಗಕ್ಕೆ ಹೋದರೆ ಆ ರಾಕೆಟ್ಟುಗಳನ್ನು ನೋಡಲು ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಿ.