ಅಳಿಸಿಹೋದ ಎರಡು ಅಕ್ಷರಗಳು

ಹಿಮ ಹೊದ್ದ ಸಿಯೆರಾ ನೆವಾಡಾ ಶಿಖರಗಳ ಮೇಲೆ ಬೆಳಗಿನ ಬಿಸಿಲು. ಕೆಳಗೆ ಕಪ್ಪು ಗುಡ್ಡಗಳು, ಮರಗಳು, ಬೆಳಕು ಬಿದ್ದ ಹುಲ್ಲುಗಾವಲಿನಲ್ಲಿ ಮೇಯುವ ಒಂದು ಕುದುರೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1944ರಲ್ಲಿ ಲೋನ್ ಪೈನ್ ಎಂಬ ಊರಿನ ಬಳಿ ತೆಗೆದ ಈ ಕಪ್ಪು-ಬಿಳುಪು ಚಿತ್ರದಲ್ಲಿ ನೆರಳು-ಬೆಳಕಿನ ಹದ ಅಪೂರ್ವವಾದುದು.

ಆದರೆ ಆ ಗುಡ್ಡದ ಮೇಲೆ ಊರಿನ ಶಾಲೆಯ ಹುಡುಗರು ಸುಣ್ಣ ಬಳಿದು ‘ಎಲ್ ಪಿ’ ಎಂದು ದೊಡ್ಡದಾಗಿ ಬರೆದಿದ್ದರು. ಅದು ಅಂದಗೆಡಿಸುತ್ತದೆಂದು ಆಡಮ್ಸ್ ಅಳಿಸಿದರು. ಅಳಿಸಿದ್ದನ್ನು ಮುಚ್ಚಿಡಲಿಲ್ಲ, ತಾವೇ ಬರೆದುಕೊಂಡರು.

ಆಗ ಅವರು ಅಲ್ಲಿಗೆ ಬಂದದ್ದು ಹತ್ತಿರದ ಮಂಜನಾರ್ ಶಿಬಿರಕ್ಕಾಗಿ. ಯುದ್ಧಕಾಲದಲ್ಲಿ, ಜಪಾನಿ ಮೂಲದವರೆಂಬ ಕಾರಣಕ್ಕೇ ಸಾವಿರಾರು ಜನರನ್ನು ಅಲ್ಲಿ ಮುಳ್ಳುತಂತಿಯೊಳಗೆ ಕೂಡಿಹಾಕಿದ್ದರು. ಅವರ ಮುಖಗಳನ್ನು ಗೌರವದಿಂದ ಸೆರೆಹಿಡಿದು, ‘ಬಾರ್ನ್ ಫ್ರೀ ಅಂಡ್ ಈಕ್ವಲ್’ ಪುಸ್ತಕವನ್ನು ಆಡಮ್ಸ್ ಅದೇ ವರ್ಷ ಹೊರತಂದರು. ಅದು ಅವರ ದೊಡ್ಡತನ. ಆದರೂ ಜಗತ್ತು ಹೆಚ್ಚು ಮೆಚ್ಚಿದ್ದು ಆ ಮುಖಗಳನ್ನಲ್ಲ, ಕುದುರೆಯ ಚಿತ್ರವನ್ನು.

ಮನುಷ್ಯರ ಗುರುತಿಲ್ಲದ ನಿಸರ್ಗವೇ ಶುದ್ಧ ಎಂಬ ರುಚಿಯನ್ನು ಇಂಥ ಚಿತ್ರಗಳು ನಮಗೆ ಹತ್ತಿಸಿವೆ. ಕೆರೆ, ಕಾಡು, ಬೆಟ್ಟಗಳ ಚಿತ್ರಗಳನ್ನು ಮೆಚ್ಚೋಣ. ಜೊತೆಗೆ, ಅಲ್ಲಿದ್ದ ಜನ ಎಲ್ಲಿ ಹೋದರು ಎಂದೂ ಕೇಳೋಣ.